ತೂಕದಿಂದ ಎಣಿಕೆಗೆ: ಮೋಲ್, ಪರಮಾಣು ಮತ್ತು ನಮ್ಮ ದ್ರಾಕ್ಷಿ ಪಡ

(ಅರಕೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಅಮೋಘಸಿದ್ಧನ ಈ ಊರಿನಲ್ಲಿ ರಸಾಯನವಿಜ್ಞಾನದ ಒಂದು ಲೆಕ್ಕವನ್ನು ಕುರಿತು ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ಲೆಕ್ಕ ಚಿಕ್ಕದು. ಒಂದು ವಸ್ತುವಿನ ಮೋಲ್ ಗೊತ್ತಿದ್ದರೆ ಅದರಲ್ಲಿರುವ ಪರಮಾಣುಗಳೆಷ್ಟು, ಪರಮಾಣುಗಳ ಸಂಖ್ಯೆ ಗೊತ್ತಿದ್ದರೆ ಅದು ಎಷ್ಟು ಮೋಲ್ ಎಂದು ಕಂಡುಹಿಡಿಯುವುದು. ಪಿಯುಸಿ ಮೊದಲ ವರ್ಷದ ರಸಾಯನವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದು ಬರುತ್ತದೆ. ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಪ್ರೀತಿಯಿಂದ ಓದಿದ ಎಷ್ಟೋ ಮಕ್ಕಳು ಈ ಅಧ್ಯಾಯದಲ್ಲೇ ಮುಗ್ಗರಿಸುತ್ತಾರೆ, ಮುಂದಿನ ಎರಡು ವರ್ಷವೂ ಆ ಹೆದರಿಕೆಯಲ್ಲೇ ಕಳೆಯುತ್ತಾರೆ. ಭಾಗಾಕಾರ, ಗುಣಾಕಾರ ಅವರಿಗೆ ಬರುತ್ತದೆ. ಈ ಲೆಕ್ಕ ಯಾಕೆ ಬೇಕು ಎಂದು ಯಾರೂ ಮೊದಲು ಹೇಳಿರುವುದಿಲ್ಲ. ಸೂತ್ರ ಮೊದಲು ಬರುತ್ತದೆ, ಅದರ ಅಗತ್ಯ ಕೊನೆಗೂ ಬರುವುದಿಲ್ಲ.

ಈ ಹೊತ್ತು ನಾನು ಮಂಡಿಸಬೇಕೆಂದಿರುವ ಮಾತು ಒಂದೇ. ತಕ್ಕಡಿ ನಮಗೆ ತೂಕವನ್ನು ಹೇಳುತ್ತದೆ. ಆದರೆ ವಸ್ತುಗಳು ಒಂದರ ಜೊತೆ ಒಂದು ಕೂಡುವುದು, ಬಿಡುವುದು ಎಣಿಕೆಯ ಲೆಕ್ಕದಲ್ಲಿ. ತೂಕ ಸರಿಯಿದ್ದರೂ ಎಣಿಕೆ ತಪ್ಪಿದರೆ ಕೆಲಸ ಕೆಡುತ್ತದೆ. ಅದು ಪ್ರಯೋಗಾಲಯದಲ್ಲಿ ಕೆಟ್ಟರೆ ಅಂಕ ಹೋಗುತ್ತದೆ, ದ್ರಾಕ್ಷಿ ಪಡದಲ್ಲಿ ಕೆಟ್ಟರೆ ಎಲೆ ಸುಡುತ್ತದೆ. ಮೊದಲು ಮೋಲ್ ಎಂದರೇನು, ಅದರ ಲೆಕ್ಕ ಹೇಗೆ ಎಂಬುದನ್ನು ವಿಜಯಪುರದ ಒಂದು ವಸ್ತುವಿನ ಮೂಲಕ ನೋಡೋಣ. ಆಮೇಲೆ ಆ ದೊಡ್ಡ ಸಂಖ್ಯೆಯನ್ನು ಎಣಿಸಿದವರ ಕಥೆ. ಕೊನೆಗೆ ನಮ್ಮ ನೀರಿಗೆ, ನಮ್ಮ ಪಡಕ್ಕೆ ಬರೋಣ; ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕೃಷಿ ಸಂಶೋಧಕರು ಬೀಜದ ಗುಣ ಹೇಳುವಾಗ ‘ಸಾವಿರ ಕಾಳಿನ ತೂಕ’ ಎಂಬ ಅಳತೆಯನ್ನು ಬಳಸುತ್ತಾರೆ. ನಮ್ಮ ಹಿಂಗಾರಿ ಹೊಲದ ಮಾಲದಂಡಿ ಜೋಳದ ಸಾವಿರ ಕಾಳು ಸುಮಾರು 35 ಗ್ರಾಂ ತೂಗುತ್ತವೆ ಎಂದುಕೊಳ್ಳಿ. ಒಂದು ಕ್ವಿಂಟಲ್ ಚೀಲದಲ್ಲಿ ಎಷ್ಟು ಕಾಳುಗಳಿವೆ? ಯಾರೂ ಕೂತು ಎಣಿಸುವುದಿಲ್ಲ. ಒಂದು ಲಕ್ಷ ಗ್ರಾಮನ್ನು 35ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಇಪ್ಪತ್ತೆಂಟೂವರೆ ಲಕ್ಷ ಕಾಳು ಎಂದು ಉತ್ತರ ಬರುತ್ತದೆ. ಸಜ್ಜೆಯ ಕಾಳು ಸಣ್ಣದು, ಸಾವಿರಕ್ಕೆ ಹತ್ತು ಹನ್ನೆರಡು ಗ್ರಾಂ. ಅದೇ ಒಂದು ಕ್ವಿಂಟಲ್ ಸಜ್ಜೆಯಲ್ಲಿ ಕಾಳು ಸುಮಾರು ಮೂರು ಪಟ್ಟು. ಚೀಲದ ತೂಕ ಒಂದೇ, ಎಣಿಕೆ ಬೇರೆ.

ಪರಮಾಣುವಿನ ಲೆಕ್ಕವೂ ಇದೇ. ಪರಮಾಣು ಬಹಳ ಸಣ್ಣದಾದ್ದರಿಂದ ಸಾವಿರದ ಗುಂಪು ಸಾಲದು, ದೊಡ್ಡ ಗುಂಪು ಬೇಕು. ಆ ಗುಂಪಿಗೆ ಮೋಲ್ ಎನ್ನುತ್ತಾರೆ. ಒಂದು ಮೋಲ್ ಎಂದರೆ 6.02214076 × 10²³ ಕಣಗಳು. ಇದನ್ನು ನಮ್ಮ ರೂಢಿಯ ಎಣಿಕೆಯಲ್ಲಿ ಹೇಳುವುದಾದರೆ ಸುಮಾರು ಆರುನೂರಾ ಎರಡು ಕೋಟಿ ಕೋಟಿ ಕೋಟಿ. ಕೋಟಿಯನ್ನು ಮೂರು ಸಲ ಹೇಳಬೇಕು. ಇದಕ್ಕೆ ಅವೊಗಾಡ್ರೊ ಸಂಖ್ಯೆ ಎಂದು ಹೆಸರು. ಇಷ್ಟು ಪರಮಾಣುಗಳು ಎಷ್ಟು ಗ್ರಾಂ ತೂಗುತ್ತವೆ ಎಂಬುದು ಆಯಾ ಧಾತುವಿಗೆ ಬೇರೆ ಬೇರೆ: ಇಂಗಾಲ 12, ಸಾರಜನಕ 14, ಕಬ್ಬಿಣ 55.85, ತಾಮ್ರ 63.55, ತವರ 118.7. ಇದು ಆ ಧಾತುವಿನ ಮೋಲಾರ್ ರಾಶಿ.

ಇನ್ನು ದಾರಿ ಸುಲಭ. ಕೈಯಲ್ಲಿರುವ ಗ್ರಾಮನ್ನು ಮೋಲಾರ್ ರಾಶಿಯಿಂದ ಭಾಗಿಸಿದರೆ ಮೋಲ್. ಮೋಲನ್ನು ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಪರಮಾಣುಗಳ ಎಣಿಕೆ. ಹಿಂದಿರುಗಿ ಬರುವಾಗ ಇದೇ ದಾರಿ ತಿರುವುಮುರುವು: ಎಣಿಕೆಯನ್ನು ಅವೊಗಾಡ್ರೊ ಸಂಖ್ಯೆಯಿಂದ ಭಾಗಿಸಿದರೆ ಮೋಲ್, ಮೋಲನ್ನು ಮೋಲಾರ್ ರಾಶಿಯಿಂದ ಗುಣಿಸಿದರೆ ಗ್ರಾಂ. ಗ್ರಾಂನಿಂದ ನೇರವಾಗಿ ಪರಮಾಣುವಿಗೆ ಹಾರಲು ಹೋಗಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ನಡುವಿನ ಮೆಟ್ಟಿಲು ಮೋಲ್. ಅಲ್ಲಿ ಒಂದು ಕ್ಷಣ ನಿಂತು ಉತ್ತರವನ್ನು ಬರೆದುಕೊಂಡು ಮುಂದೆ ಹೋದರೆ ತಪ್ಪುವ ಸಂಭವ ಬಹಳ ಕಡಿಮೆ.

ಈಗ ಆ ವಸ್ತು. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್‌-ಎ-ಮೈದಾನ್ ತೋಪನ್ನು ನೀವೆಲ್ಲ ನೋಡಿದ್ದೀರಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಆಮೇಲೆ ಆದಿಲಶಾಹಿಗಳ ಕೈಗೆ ಬಂದದ್ದು. ತೂಕ ಸುಮಾರು 55 ಟನ್. ಗಂಟೆಗೆ ಬಳಸುವ ಕಂಚು, ಅಂದರೆ ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ಅದಕ್ಕೇ ತಟ್ಟಿದರೆ ನಾದ ಬರುತ್ತದೆ. 55 ಟನ್ನಿನಲ್ಲಿ 44 ಟನ್ ತಾಮ್ರ, 11 ಟನ್ ತವರ ಎಂದು ಹಿಡಿಯೋಣ. 44 ಟನ್ ಎಂದರೆ ನಾಲ್ಕು ಕೋಟಿ ನಲವತ್ತು ಲಕ್ಷ ಗ್ರಾಂ. 63.55ರಿಂದ ಭಾಗಿಸಿದರೆ ಸುಮಾರು 6 ಲಕ್ಷ 92 ಸಾವಿರ ಮೋಲ್ ತಾಮ್ರ. ತವರ ಒಂದು ಕೋಟಿ ಹತ್ತು ಲಕ್ಷ ಗ್ರಾಂ, 118.7ರಿಂದ ಭಾಗಿಸಿದರೆ ಸುಮಾರು 92 ಸಾವಿರದ 700 ಮೋಲ್. ಪರಮಾಣುಗಳ ಲೆಕ್ಕಕ್ಕೆ ಹೋದರೆ ತಾಮ್ರದ ಪರಮಾಣು 4.17 × 10²⁹, ತವರದ್ದು 5.58 × 10²⁸.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತೂಕದಲ್ಲಿ ತಾಮ್ರ ತವರದ ನಾಲ್ಕು ಪಟ್ಟು. ಎಣಿಕೆಯಲ್ಲಿ ಏಳೂವರೆ ಪಟ್ಟು. ತವರದ ಒಂದೊಂದು ಪರಮಾಣುವೂ ತಾಮ್ರದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಭಾರವಾದ್ದರಿಂದ ಐದರಲ್ಲಿ ಒಂದು ಪಾಲು ತೂಗುವ ತವರ, ಎಣಿಕೆಯಲ್ಲಿ ಎಂಟೂವರೆಯಲ್ಲಿ ಒಂದಾಗುತ್ತದೆ. ಕಂಚಿನ ಒಳಗೆ ತಾಮ್ರದ ಪರಮಾಣುಗಳ ಸಾಲಿನಲ್ಲಿ ತವರದ್ದು ಎಷ್ಟಕ್ಕೊಂದು ಕೂತಿದೆ ಎಂಬುದರ ಮೇಲೆ ಲೋಹದ ಗಡಸು, ನಾದ ಎಲ್ಲ ನಿಂತಿದೆ. ಎರಕದವರು ಪಾಲು ಹಾಕಿದ್ದು ತೂಕದಲ್ಲಿ. ಲೋಹದೊಳಗೆ ಪಾಲು ಬಿದ್ದದ್ದು ಎಣಿಕೆಯಲ್ಲಿ.

ವಿದ್ಯಾರ್ಥಿಗಳು ಎಡವುವ ಇನ್ನೊಂದು ಜಾಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಒಂದು ಮೋಲ್’ ಎಂದಾಗ ಯಾವುದರ ಒಂದು ಮೋಲ್ ಎಂದು ಕೇಳಬೇಕು. ಪರಮಾಣುವಿನದೋ, ಅಣುವಿನದೋ, ಅಯಾನಿನದೋ? ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲ ಒಂದು, ಆಮ್ಲಜನಕ ಒಂದು, ಸಾರಜನಕ ಎರಡು, ಜಲಜನಕ ನಾಲ್ಕು, ಒಟ್ಟು ಎಂಟು ಪರಮಾಣುಗಳು. ಅದರ ಮೋಲಾರ್ ರಾಶಿ 60 ಗ್ರಾಂ. ಸೊಸೈಟಿಯಲ್ಲಿ ಸಿಗುವ 45 ಕಿಲೋ ಚೀಲದಲ್ಲಿ ಯೂರಿಯಾ ಅಣುಗಳು 750 ಮೋಲ್. ಬೆಳೆಗೆ ಬೇಕಾದ ಸಾರಜನಕದ ಪರಮಾಣುಗಳು ಅದರ ಎರಡು ಪಟ್ಟು, 1500 ಮೋಲ್. 14ರಿಂದ ಗುಣಿಸಿದರೆ 21 ಕಿಲೋ. ಚೀಲದ ಮೇಲೆ ಅಚ್ಚಾಗಿರುವ ಶೇಕಡಾ 46 ಎಂಬ ಸಂಖ್ಯೆ ಹುಟ್ಟಿದ್ದು ಇಲ್ಲಿಂದಲೇ. ಅಣುವಿಗೂ ಪರಮಾಣುವಿಗೂ ಇರುವ ಈ ಎರಡರ, ಎಂಟರ ಗುಣಾಕಾರವನ್ನು ಮರೆತರೆ ಉಳಿದ ಲೆಕ್ಕ ಎಷ್ಟು ಶುದ್ಧವಾಗಿದ್ದರೂ ಉತ್ತರ ತಪ್ಪು.

ಇನ್ನು ಎರಡನೆಯ ಭಾಗ. ಯಾರೂ ಕಣ್ಣಿಂದ ನೋಡದ ಪರಮಾಣುವನ್ನು ಇಷ್ಟು ಖಚಿತವಾಗಿ ಎಣಿಸಿದ್ದು ಹೇಗೆ? ಈ ಪ್ರಶ್ನೆ ಕೇಳುವ ವಿದ್ಯಾರ್ಥಿಯನ್ನು ನಾನು ಬಹಳ ಮೆಚ್ಚುತ್ತೇನೆ. ಸಂಖ್ಯೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಪ್ರಶ್ನೆ ದೊಡ್ಡದು.

ಇಟಲಿಯ ಅಮೆಡಿಯೊ ಅವೊಗಾಡ್ರೊ 1811ರಲ್ಲಿ ಒಂದು ಊಹೆ ಮುಂದಿಟ್ಟರು: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಯಾವುದೇ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ. ಎಷ್ಟು ಎಂದು ಅವರು ಹೇಳಲಿಲ್ಲ, ಹೇಳಲು ಆಗ ಸಾಧನಗಳೂ ಇರಲಿಲ್ಲ. ಅವರು 1856ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ಮೇಲೆ ಜರ್ಮನಿಯ ಕಾರ್ಲ್ಸ್‌ರೂಹೆಯ ಸಮ್ಮೇಳನದಲ್ಲಿ ಅವೊಗಾಡ್ರೊ ಅವರ ದೇಶದವರೇ ಆದ ಕಾನಿಝಾರೊ ಆ ಊಹೆಯನ್ನು ಎತ್ತಿ ಹಿಡಿದ ಮೇಲೆಯೇ ಪರಮಾಣು ತೂಕಗಳ ಗೊಂದಲ ತಿಳಿಯಾದದ್ದು. 1865ರಲ್ಲಿ ಲೋಶ್ಮಿಟ್ ಗಾಳಿಯ ಅಣುವಿನ ಗಾತ್ರವನ್ನು ಅಂದಾಜು ಮಾಡಿ ಎಣಿಕೆಗೆ ಬಾಗಿಲು ತೆರೆದರು.

ನಿಜವಾಗಿ ಎಣಿಸಿದವರಲ್ಲಿ ನನಗೆ ಅತಿ ಪ್ರಿಯರಾದವರು ಫ್ರಾನ್ಸಿನ ಜಾನ್ ಪೆರಿನ್. ನಮ್ಮ ಮಲೆನಾಡಿನ ಉಪ್ಪಾಗೆ, ಮುರುಗಲ ಮರಗಳ ಕುಲಕ್ಕೇ ಸೇರಿದ ಒಂದು ಮರದಿಂದ ಹಳದಿ ಬಣ್ಣದ ಅಂಟು ಬರುತ್ತದೆ. ಚಿತ್ರಕಾರರು ಅದನ್ನು ಬಣ್ಣವಾಗಿ ಬಳಸುತ್ತಿದ್ದರು. ಪೆರಿನ್ ಆ ಅಂಟಿನಿಂದ ಒಂದೇ ಗಾತ್ರದ ಅತಿ ಸಣ್ಣ ಗುಂಡುಗಳನ್ನು ಬೇರ್ಪಡಿಸಿ ನೀರಿನಲ್ಲಿ ತೇಲಿಬಿಟ್ಟರು. ಗುಂಡಿನ ತ್ರಿಜ್ಯ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲಿನಷ್ಟು. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಎತ್ತರಕ್ಕೂ ಎಷ್ಟು ಗುಂಡುಗಳಿವೆ ಎಂದು ಎಣಿಸುತ್ತ ಹೋದರು. ತಳದಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಮಿಲಿಮೀಟರಿನ ಸಾವಿರದಲ್ಲಿ 30 ಪಾಲಿನಷ್ಟು ಮೇಲೇರಿದರೆ ಗುಂಡುಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಭೂಮಿಯ ಗಾಳಿಯೂ ಎತ್ತರ ಹೋದಂತೆ ಹೀಗೆಯೇ ತೆಳುವಾಗುತ್ತದೆ. ಅಲ್ಲಿ ಅರ್ಧವಾಗಲು ಐದೂವರೆ ಕಿಲೋಮೀಟರಿನಷ್ಟು ಏರಬೇಕು. ಗುಂಡು ಭಾರ, ಆದ್ದರಿಂದ ಬೇಗ ತೆಳುವಾಗುತ್ತದೆ. ಗಾಳಿಯ ಅಣು ಹಗುರ, ಆದ್ದರಿಂದ ನಿಧಾನ. ಎರಡೂ ಎತ್ತರಗಳ ಪ್ರಮಾಣ ಗೊತ್ತು, ಗುಂಡಿನ ತೂಕ ಗೊತ್ತು, ಹಾಗಾದರೆ ಅಣುವಿನ ತೂಕ ಸಿಕ್ಕಿತು. ಅಣುವಿನ ತೂಕ ಸಿಕ್ಕರೆ ಒಂದು ಮೋಲ್‌ನಲ್ಲಿ ಎಷ್ಟು ಎಂಬುದೂ ಸಿಕ್ಕಿತು. ಪೆರಿನ್‌ಗೆ ಬಂದ ಉತ್ತರ 7 × 10²³ರ ಆಸುಪಾಸು. ಇಂದಿನ ಬೆಲೆಗೆ ಅದೆಷ್ಟು ಹತ್ತಿರ ನೋಡಿ! ಈ ಸಂಖ್ಯೆಗೆ ಅವೊಗಾಡ್ರೊ ಹೆಸರಿಡಬೇಕೆಂದು 1909ರಲ್ಲಿ ಸೂಚಿಸಿದವರೂ ಅವರೇ. 1926ರಲ್ಲಿ ಅವರಿಗೆ ನೊಬೆಲ್ ಬಂತು. ಪರಮಾಣು ನಿಜವಾಗಿ ಇದೆಯೋ, ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಕಲ್ಪನೆಯೋ ಎಂದು ವಾದಿಸುತ್ತಿದ್ದ ದೊಡ್ಡ ವಿಜ್ಞಾನಿಗಳಲ್ಲಿ ಹೆಚ್ಚಿನವರು ಈ ಎಣಿಕೆಯ ಮುಂದೆ ಸುಮ್ಮನಾದರು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1971ರಲ್ಲಿ ಮೋಲ್ ಅಂತರರಾಷ್ಟ್ರೀಯ ಮೂಲಮಾನಗಳ ಸಾಲಿಗೆ ಸೇರಿತು. ಆಗ ಅದರ ಅರ್ಥ, 12 ಗ್ರಾಂ ಇಂಗಾಲ-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು. ನಂತರ ವಿಜ್ಞಾನಿಗಳು ಶುದ್ಧ ಸಿಲಿಕಾನ್‌-28ರಿಂದ ಒಂದು ಕಿಲೋ ತೂಗುವ, ಸುಮಾರು 94 ಮಿಲಿಮೀಟರ್ ಅಡ್ಡಳತೆಯ ನುಣುಪು ಗೋಲವನ್ನು ಮಾಡಿ, ಅದರೊಳಗಿನ ಪರಮಾಣುಗಳ ನಡುವಿನ ಅಂತರವನ್ನು ಕ್ಷಕಿರಣಗಳಿಂದ ಅಳೆದು, ಎಣಿಕೆಯನ್ನು ಇನ್ನಷ್ಟು ಬಿಗಿ ಮಾಡಿದರು. 2019ರ ಮೇ 20ರಿಂದ ಆ ಸಂಖ್ಯೆಯನ್ನೇ ಸ್ಥಿರವೆಂದು ಒಪ್ಪಲಾಗಿದೆ. ಹಳೆಯ ಪುಸ್ತಕದಿಂದ ಪಾಠ ಮಾಡುವ ಅಧ್ಯಾಪಕರು ಇದನ್ನು ಗಮನಿಸಬೇಕು: ಈಗ ಮೋಲ್ ನಿಂತಿರುವುದು ಇಂಗಾಲದ ತೂಕದ ಮೇಲಲ್ಲ, ಎಣಿಕೆಯ ಮೇಲೆಯೇ.

ಕನ್ನಡದಲ್ಲಿ ಇಂಥ ವಿಷಯ ಹೇಳಲಾಗದು ಎನ್ನುವವರಿಗೆ ಒಂದು ಮಾತು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ಅವರ ಸಂಗಡಿಗರು 1918ರಲ್ಲೇ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ತಂದಿದ್ದರು. ಮೈಸೂರಿನಲ್ಲಿ ರಸಾಯನವಿಜ್ಞಾನ ಕಲಿಸಿದ ಜೆ.ಆರ್. ಲಕ್ಷ್ಮಣರಾಯರು ಪರಮಾಣುವಿನ ಚರಿತ್ರೆಯನ್ನೇ ಕನ್ನಡಿಗರ ಕೈಗಿಟ್ಟರು. ದಾರಿ ಅವರು ಹಾಕಿಕೊಟ್ಟಿದ್ದಾರೆ. ನಡೆಯುವುದು ನಮ್ಮ ಪಾಲಿಗೆ ಬಂದದ್ದು.

ಈಗ ಮೂರನೆಯ ಭಾಗ, ನಮ್ಮ ನೀರು ಮತ್ತು ನಮ್ಮ ಪಡ.

ನೀರಿನದ್ದು ಚಿಕ್ಕದಾಗಿ. ನಮ್ಮ ವಿಜಯಪುರ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ ಎಂಬುದು ನಿಮಗೆ ಗೊತ್ತು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಫ್ಲೋರೈಡಿನ ಮೋಲಾರ್ ರಾಶಿ 19. ಭಾಗಿಸಿ ಗುಣಿಸಿದರೆ, ಮಿತಿಯಲ್ಲಿರುವ ನೀರಿನ ಒಂದು ಲೀಟರಿನಲ್ಲೂ 4.75 × 10¹⁹ ಫ್ಲೋರೈಡ್ ಅಯಾನುಗಳಿರುತ್ತವೆ, ಅಂದರೆ ನಾಲ್ಕೂಮುಕ್ಕಾಲು ಲಕ್ಷ ಕೋಟಿ ಕೋಟಿ. ಈ ಎಣಿಕೆ ಯಾಕೆ ಮುಖ್ಯ? ಹಲ್ಲಿನ ಹೊರಪದರದ ಖನಿಜದಲ್ಲಿ ಹೈಡ್ರಾಕ್ಸಿಲ್ ಅಯಾನುಗಳಿವೆ. ಫ್ಲೋರೈಡ್ ಬಂದು ಒಂದನ್ನು ಎಬ್ಬಿಸಿ ಆ ಜಾಗದಲ್ಲಿ ತಾನೊಂದು ಕೂರುತ್ತದೆ. ಒಂದಕ್ಕೆ ಒಂದು. ಮಿಲಿಗ್ರಾಂ ಲೆಕ್ಕ ಆ ಖನಿಜಕ್ಕೆ ತಿಳಿಯದು. ನೀರಿನ ವರದಿಯಲ್ಲಿ ಪಕ್ಕದ ಸಾಲಿನಲ್ಲೇ ನೈಟ್ರೇಟಿನ ಮಿತಿ 45 ಮಿಲಿಗ್ರಾಂ ಎಂದಿರುತ್ತದೆ. ತೂಕದಲ್ಲಿ ಅದು ಫ್ಲೋರೈಡಿನ ಮಿತಿಯ ಮೂವತ್ತು ಪಟ್ಟು. ನೈಟ್ರೇಟಿನ 62ರಿಂದ ಭಾಗಿಸಿ ಎಣಿಸಿದರೆ ಸುಮಾರು ಒಂಬತ್ತು ಪಟ್ಟು ಮಾತ್ರ. ನಿಮ್ಮ ಊರಿನ ನೀರಿನ ವರದಿಯನ್ನು ಮುಂದಿಟ್ಟುಕೊಂಡು ಈ ಭಾಗಾಕಾರವನ್ನು ಮಾಡಿಸಿದರೆ ಮಕ್ಕಳು ಮೋಲ್‌ನ ಪಾಠವನ್ನು ಮರೆಯುವುದಿಲ್ಲ.

ಇನ್ನು ಪಡಕ್ಕೆ ಬರುತ್ತೇನೆ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಷ್ಟು ದಿನದಿನವೂ ರಸಾಯನವಿಜ್ಞಾನದ ಜೊತೆ ಬದುಕುವವರು ಕಡಿಮೆ. ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ದಿನದಿಂದ ಗೊನೆ ಕೊಯ್ದು ಮಣೂಕದ (ಒಣದ್ರಾಕ್ಷಿಯ) ಶೆಡ್ಡಿಗೆ ಹಾಕುವತನಕ ಗ್ರಾಂ, ಮಿ.ಲೀ., ಪಿಪಿಎಂ ಅವರ ಬಾಯಲ್ಲಿರುತ್ತವೆ. ಬೀಜವಿಲ್ಲದ ದ್ರಾಕ್ಷಿಗೆ ಹೊಡೆಯುವ ಜಿ.ಎ. ಎಂಬ ಜಿಬ್ಬರಲಿಕ್ ಆಮ್ಲವನ್ನು ತೆಗೆದುಕೊಳ್ಳಿ. ಬೀಜವಿರುವ ಹಣ್ಣಿಗೆ ಇದನ್ನು ಬೀಜವೇ ಒದಗಿಸುತ್ತದೆ. ಬೀಜವಿಲ್ಲದ ಹಣ್ಣಿಗೆ ರೈತ ಒದಗಿಸುತ್ತಾನೆ. ನೂರು ಲೀಟರಿಗೆ ಒಂದು ಗ್ರಾಂ ಹಾಕಿದರೆ ಹತ್ತು ಪಿಪಿಎಂ. ನೂರು ಲೀಟರಿನಲ್ಲಿ ಒಂದು ಗ್ರಾಂ ಏನು ಮಾಡೀತು ಎಂದು ಹೊಸಬರಿಗೆ ಅನ್ನಿಸುತ್ತದೆ. ಎಣಿಸಿ ನೋಡೋಣ. ಅದರ ಮೋಲಾರ್ ರಾಶಿ 346. ಒಂದು ಗ್ರಾಂನಲ್ಲಿ 1.74 × 10²¹ ಅಣುಗಳು. ನೂರು ಲೀಟರಿನಲ್ಲಿ ಸುಮಾರು ಇಪ್ಪತ್ತು ಲಕ್ಷ ಹನಿಗಳಿವೆ ಎಂದರೂ ಒಂದೊಂದು ಹನಿಗೆ ಎಂಟೂವರೆ ಕೋಟಿ ಕೋಟಿಗೂ ಮಿಕ್ಕಿ ಅಣುಗಳು ಬರುತ್ತವೆ. ಮಿಡಿಕಾಯಿಯ ಜೀವಕೋಶಗಳನ್ನು ಹಿಗ್ಗಿಸಲು ಅಷ್ಟು ಸಾಕು, ಹೆಚ್ಚಾದರೆ ಕೇಡು. ಇಲ್ಲಿ ಇನ್ನೊಂದು ಗಮನಿಸಬೇಕು. ಸಿಕ್ಸ್ ಬಿ.ಎ. ಎಂದು ಕರೆಯುವ ಇನ್ನೊಂದು ಪ್ರಚೋದಕದ ಮೋಲಾರ್ ರಾಶಿ 225. ಎರಡನ್ನೂ ಹತ್ತು ಪಿಪಿಎಂ ಹಾಕಿದರೆ ಎರಡೂ ಸಮ ಹಾಕಿದಂತಲ್ಲ, ಸಿಕ್ಸ್ ಬಿ.ಎ. ಅಣುಗಳು ಒಂದೂವರೆ ಪಟ್ಟು ಇರುತ್ತವೆ. ಪಿಪಿಎಂ ತೂಕದ ಅಳತೆ.

ಆದರೆ ತೂಕಕ್ಕೂ ಎಣಿಕೆಗೂ ಇರುವ ಅಂತರ ಕಣ್ಣಿಗೆ ಕಾಣುವಂತೆ ಬಯಲಾಗುವುದು ಬೋರ್ಡೋ ದ್ರಾವಣದಲ್ಲಿ. ಇದರ ಹುಟ್ಟೂ ದ್ರಾಕ್ಷಿ ತೋಟದ್ದೇ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಡೌನಿ ರೋಗ ತಗಲಿಲ್ಲ ಎಂಬುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ನಮ್ಮ ನಾಡಿನಲ್ಲಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಇದನ್ನು ಅಡಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಮಲೆನಾಡಿನ ತೋಟಗಳಲ್ಲಿ ಇಂದಿಗೂ ಮಳೆಗಾಲ ಬಂತೆಂದರೆ ಅದೇ ದ್ರಾವಣ.

ಶೇಕಡಾ ಒಂದರ ದ್ರಾವಣದ ಪಾಠ ನಿಮಗೆಲ್ಲ ಬಾಯಿಗೆ ಬರುತ್ತದೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಮಾಡಿದ ದಿನವೇ ಹೊಡೆಯಬೇಕು. ತೂಕದಲ್ಲಿ ಒಂದಕ್ಕೆ ಒಂದು. ಎಣಿಕೆಯಲ್ಲಿ?

ಮೈಲುತುತ್ತದ ಹರಳಿನಲ್ಲಿ ಒಂದೊಂದು ತಾಮ್ರದ ಅಯಾನಿನ ಜೊತೆ ಒಂದು ಸಲ್ಫೇಟು, ಐದು ನೀರಿನ ಅಣುಗಳು ಕೂತಿರುತ್ತವೆ. ಮೋಲಾರ್ ರಾಶಿ 249.7. ಹಾಗಾಗಿ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ನಾಲ್ಕು ಮೋಲ್. ಅದರಲ್ಲಿ ತಾಮ್ರ ಬರೀ 254 ಗ್ರಾಂ. ಹರಳಿನೊಳಗಿನ ನೀರೇ 361 ಗ್ರಾಂ. ಒಂದು ಹರಳನ್ನು ಕಾಯಿಸಿದರೆ ನೀಲಿ ಹೋಗಿ ಬೂದುಬಿಳುಪಾಗುವುದನ್ನು ಮಕ್ಕಳು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಹೋದದ್ದು ಆ ನೀರು. ಇನ್ನು ಸುಣ್ಣ. ಸುಟ್ಟ ಸುಣ್ಣದ ಮೋಲಾರ್ ರಾಶಿ 56. ಒಂದು ಕಿಲೋ ಎಂದರೆ ಸುಮಾರು 17.8 ಮೋಲ್. ತಾಮ್ರದ ಒಂದು ಅಯಾನನ್ನು ಕರಗದ ಗಸಿಯಾಗಿ ಹಿಡಿದು ಕೂರಿಸಲು ಸುಣ್ಣದ ಒಂದು ಘಟಕ ಸಾಕು. ನಿಜದಲ್ಲಿ ಉಂಟಾಗುವ ನೀಲಿ ಗಸಿಯ ರಚನೆ ಇದಕ್ಕಿಂತ ತೊಡಕಿನದು, ಇದಕ್ಕಿಂತ ಕಡಿಮೆ ಸುಣ್ಣವೂ ಸಾಕಾಗುತ್ತದೆ. ನಾಲ್ಕು ಮೋಲ್ ತಾಮ್ರಕ್ಕೆ ನಾಲ್ಕು ಮೋಲ್ ಸುಣ್ಣ ಎಂದುಕೊಂಡರೂ ಬೇಕಾದದ್ದು 225 ಗ್ರಾಂ ಮಾತ್ರ. ನಾವು ಹಾಕುತ್ತಿರುವುದು ಒಂದು ಕಿಲೋ.

ಹಾಗಾದರೆ ಹಿರಿಯರು ಹೇಳಿದ್ದು ತಪ್ಪೆ? ತಪ್ಪಲ್ಲ. ಶುದ್ಧವಾದ ಸುಟ್ಟ ಸುಣ್ಣ ನಮ್ಮ ಕೈಗೆ ಬರುವುದು ಅಪರೂಪ. ಭಟ್ಟಿಯಲ್ಲಿ ಪೂರ್ತಿ ಬೇಯದ ಕಲ್ಲು ಅದರಲ್ಲಿರುತ್ತದೆ, ಮಣ್ಣಿರುತ್ತದೆ. ಚೀಲ ಬಿಚ್ಚಿಟ್ಟರೆ ಗಾಳಿಯ ತೇವ ಹೀರಿ ಅರಳಿದ ಸುಣ್ಣವಾಗುತ್ತದೆ. ಆಗ ಒಂದು ಕಿಲೋಗೆ 13.5 ಮೋಲ್. ಇನ್ನೂ ದಿನ ಕಳೆದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಗೋಲಗುಮ್ಮಟದ ಗಾರೆ ಗಟ್ಟಿಯಾಗಿ ಹಿಡಿದದ್ದು ಇದೇ ಗುಣದಿಂದ. ಗಾರೆಗೆ ಅದು ವರ, ಬೋರ್ಡೋ ದ್ರಾವಣಕ್ಕೆ ಶಾಪ. ಹಾಗಾದ ಒಂದು ಕಿಲೋ ಪುಡಿ ನೋಡಲು ಬೆಳ್ಳಗೆ ಇರುತ್ತದೆ, ತಕ್ಕಡಿಯಲ್ಲಿ ಒಂದು ಕಿಲೋನೇ ತೂಗುತ್ತದೆ, ತಾಮ್ರವನ್ನು ಹಿಡಿಯುವ ಶಕ್ತಿ ಮಾತ್ರ ಅದರಲ್ಲಿರುವುದಿಲ್ಲ. ನಾಲ್ಕು ಪಟ್ಟು ಹೆಚ್ಚು ಹಾಕಿ ಎಂಬ ಹಳೆಯ ಪಾಠ ಈ ಎಲ್ಲ ಸೋರಿಕೆಗೂ ಜಾಗ ಬಿಟ್ಟು ಮಾಡಿದ್ದು. ಸುಣ್ಣ ತೀರಾ ಹಳೆಯದಾಗಿದ್ದರೆ ಆ ಜಾಗವೂ ಸಾಲದು. ಬಿಡಿಯಾಗಿ ಉಳಿದ ತಾಮ್ರ ಎಳೆ ಎಲೆಯನ್ನು ಸುಡುತ್ತದೆ.

ಅದಕ್ಕೇ ರೈತರು ಕಬ್ಬಿಣದ ಪರೀಕ್ಷೆ ಮಾಡುತ್ತಾರೆ. ಉಜ್ಜಿ ಹೊಳಪು ಮಾಡಿದ ಚಾಕುವನ್ನೋ ಕುಡಗೋಲಿನ ಅಲಗನ್ನೋ ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಅಲಗು ಹಾಗೇ ಇದ್ದರೆ ಸರಿ. ಕೆಂಪುಗಂದು ಬಣ್ಣದ ಪದರ ಕೂತಿದ್ದರೆ ಇನ್ನೂ ಸುಣ್ಣ ಸುರಿಯಬೇಕು. ಆ ಅಲಗನ್ನು ಹತ್ತಿರದಿಂದ ನೋಡಿ. ನೀರಿನಲ್ಲಿ ಬಿಡಿಯಾಗಿದ್ದ ತಾಮ್ರದ ಒಂದು ಅಯಾನು ಅಲಗಿಗೆ ಬಂದು ಲೋಹವಾಗಿ ಕೂತಾಗ ಕಬ್ಬಿಣದ ಒಂದು ಪರಮಾಣು ಎದ್ದು ನೀರಿಗೆ ಇಳಿಯುತ್ತದೆ. ಒಂದು ಕೂತರೆ ಒಂದು ಏಳುತ್ತದೆ. ಹತ್ತು ಮಿಲಿಗ್ರಾಂ ತಾಮ್ರ ಕೂತಿದ್ದರೆ ಅದು 9.5 × 10¹⁹ ಪರಮಾಣು. ಅಷ್ಟೇ ಸಂಖ್ಯೆಯ ಕಬ್ಬಿಣದ ಪರಮಾಣುಗಳು ಹೋಗಿವೆ. ಆದರೆ ಹೋದ ಕಬ್ಬಿಣದ ತೂಕ 8.8 ಮಿಲಿಗ್ರಾಂ. ಅಲಗು 1.2 ಮಿಲಿಗ್ರಾಂನಷ್ಟು ಭಾರವಾಗಿದೆ! ಎಣಿಕೆಯಲ್ಲಿ ಸಮ, ತೂಕದಲ್ಲಿ ಅಸಮ. ರಾಸಾಯನಿಕ ಸಮೀಕರಣವನ್ನು ನಾನು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಬರೆದದ್ದನ್ನು ಕಂಡಿಲ್ಲ. ಮೋಲ್ ಎಂಬ ಮಾತು ಶಾಲೆಗೆ ಬರುವ ಮೊದಲೇ ಮೋಲ್‌ನ ಲೆಕ್ಕವನ್ನು ಕಬ್ಬಿಣದ ಅಲಗಿನಿಂದ ಓದಿಕೊಂಡ ರೈತರ ಬುದ್ಧಿಗೆ ನಾನು ಕೈಮುಗಿಯುತ್ತೇನೆ.

ಆದರೆ ಅಲಗಿನ ಪರೀಕ್ಷೆ ಸುಣ್ಣ ಸಾಲದು ಎಂದು ಹೇಳುತ್ತದೆ, ಎಷ್ಟು ಸಾಲದು ಎಂದು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಇಲ್ಲಿ ಮುಂದೆ ಕೂತಿರುವ ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳು. ಈ ಉಪನ್ಯಾಸದ ಕೊನೆಯ ಭಾಗ ಅವರಿಗೂ ಅವರ ಅಧ್ಯಾಪಕರಿಗೂ ನಾನು ಮಾಡುವ ಒಂದು ಬಿನ್ನಹ.

ನಿಮ್ಮ ಪ್ರಯೋಗಾಲಯದಲ್ಲಿ ಆಮ್ಲ ಮತ್ತು ಕ್ಷಾರಗಳ ಟೈಟ್ರೇಷನ್ ಹೇಗೂ ಮಾಡುತ್ತೀರಿ. ಪ್ರತಿ ವರ್ಷ ಅವವೇ ಬಾಟಲಿಗಳು, ಅವವೇ ಉತ್ತರಗಳು. ಈ ಸಲ ರೈತರ ಮನೆಯ ಸುಣ್ಣ ತನ್ನಿ. ಪುಡಿ ಮಾಡಿದ 1.4 ಗ್ರಾಂ ಸುಣ್ಣಕ್ಕೆ ಸ್ವಲ್ಪ ನೀರು ಹಾಕಿ ಅರಳಿಸಿ, ಸಕ್ಕರೆ ಕರಗಿಸಿದ ನೀರಿನಲ್ಲಿ ಚೆನ್ನಾಗಿ ಅಲುಗಾಡಿಸಿ 500 ಮಿ.ಲೀ. ಮಾಡಿ, ಸೋಸಿ. ಜೀವಂತ ಸುಣ್ಣ, ಅಂದರೆ ತಾಮ್ರವನ್ನು ಹಿಡಿಯುವ ಶಕ್ತಿ ಉಳಿದಿರುವ ಸುಣ್ಣ, ಸಕ್ಕರೆ ನೀರಿನಲ್ಲಿ ಕರಗುತ್ತದೆ. ಸುಣ್ಣದ ಕಲ್ಲು, ಮಣ್ಣು ಕರಗದೆ ಸೋಸುಕಾಗದದ ಮೇಲೆ ಉಳಿಯುತ್ತವೆ. ಆ ತಿಳಿಯಲ್ಲಿ 50 ಮಿ.ಲೀ. ತೆಗೆದು ಫಿನಾಲ್ಫ್ತಲೀನ್ ಹಾಕಿ, ಬ್ಯುರೆಟ್ಟಿನಿಂದ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲವನ್ನು ನಸುಗೆಂಪು ಬಣ್ಣ ಹೋಗುವವರೆಗೆ ಬಿಡಿ. ಸುಣ್ಣದ ಒಂದು ಮೋಲ್‌ಗೆ ಆಮ್ಲದ ಎರಡು ಮೋಲ್ ಬೇಕು. ಸುಣ್ಣ ಪೂರ್ತಿ ಶುದ್ಧವಾಗಿದ್ದರೆ ನೀವು ತೆಗೆದ ಪಾಲಿನಲ್ಲಿ 0.0025 ಮೋಲ್ ಇರಬೇಕು, ಅದಕ್ಕೆ 50 ಮಿ.ಲೀ. ಆಮ್ಲ ಹಿಡಿಯಬೇಕು. ಹಾಗಾಗಿ ಬ್ಯುರೆಟ್ಟಿನಲ್ಲಿ ಇಳಿದ ಒಂದೊಂದು ಮಿ.ಲೀ.ಗೂ ಶೇಕಡಾ ಎರಡರಷ್ಟು ಜೀವಂತ ಸುಣ್ಣ.

22 ಮಿ.ಲೀ. ಇಳಿದರೆ ಆ ಸುಣ್ಣ ಶೇಕಡಾ 44. ಒಂದು ಕಿಲೋ ಮೈಲುತುತ್ತಕ್ಕೆ ಅದರಲ್ಲಿ 510 ಗ್ರಾಂ ಸಾಕು, ಒಂದು ಕಿಲೋ ಹಾಕಿದ ರೈತನಿಗೆ ಭಯವಿಲ್ಲ. ಹತ್ತೇ ಮಿ.ಲೀ. ಇಳಿದರೆ ಶೇಕಡಾ 20. ಆಗ ಬೇಕಾದದ್ದು ಒಂದು ಕಿಲೋ 120 ಗ್ರಾಂ. ಒಂದಕ್ಕೆ ಒಂದು ಎಂಬ ಪಾಠವನ್ನು ನಂಬಿ ಕೂತರೆ ಆ ಪಡದಲ್ಲಿ ಬಿಡಿ ತಾಮ್ರ ಉಳಿಯಬಹುದು. ಚಾಟ್ನಿಗೆ ಮೊದಲು ಊರಿನ ರೈತರು ತಮ್ಮ ಸುಣ್ಣದಲ್ಲಿ ಸ್ವಲ್ಪವನ್ನು ಕಾಗದದಲ್ಲಿ ಕಟ್ಟಿ, ಹೆಸರು ಬರೆದು ಕಾಲೇಜಿಗೆ ಕಳಿಸಲಿ. ವಿದ್ಯಾರ್ಥಿಗಳು ಟೈಟ್ರೇಷನ್ ಮಾಡಿ, ಮೋಲ್‌ನಲ್ಲಿ ಲೆಕ್ಕ ಹಾಕಿ, ಗ್ರಾಂನಲ್ಲಿ ಉತ್ತರ ಬರೆದು ಅದೇ ಕಾಗದದ ಹಿಂದೆ ಕಳಿಸಲಿ. ಅಧ್ಯಾಪಕರು ಒಂದು ವಹಿಯಲ್ಲಿ ಅದನ್ನೆಲ್ಲ ದಾಖಲಿಸಿಟ್ಟರೆ ಯಾವ ಭಟ್ಟಿಯ ಸುಣ್ಣ ಹೇಗೆ, ಎಷ್ಟು ದಿನ ಇಟ್ಟರೆ ಎಷ್ಟು ಕೆಡುತ್ತದೆ ಎಂಬುದು ಎರಡು ಮೂರು ಹಂಗಾಮಿನಲ್ಲಿ ತಾನಾಗಿ ತಿಳಿಯುತ್ತದೆ. ಇದಕ್ಕೆ ಬೇಕಾದ ಬ್ಯುರೆಟ್, ಆಮ್ಲ, ಸೂಚಕ ಎಲ್ಲವೂ ಪ್ರಯೋಗಾಲಯದ ಕಪಾಟಿನಲ್ಲೇ ಇವೆ. ಸಕ್ಕರೆಯೊಂದನ್ನು ಮನೆಯಿಂದ ತಂದರಾಯಿತು.